ಎಡದಿಂದ ಮೂರನೆಯ ಕಿಂಡಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿದ್ದವರು ಹದಿನಾರು ಮಂದಿ. ಅವರಲ್ಲಿ ಹದಿನೈದು ಮಂದಿಗೆ ಕಣ್ಣು ಕಾಣುತ್ತಿರಲಿಲ್ಲ.

ಆಶ್ರಮ ಕಟ್ಟಿದ ನಾಗಲಾಂಬೆ ತಾಯಿಗೂ ಕಾಣುತ್ತಿರಲಿಲ್ಲ. ಐದನೆಯ ವರ್ಷದಲ್ಲಿ ಸಿಡುಬು ಬಂದು ಕಣ್ಣು ಹೋಗಿದ್ದವು. ಈಗ ಅವರಿಗೆ ಎಪ್ಪತ್ತು.

ಕಣ್ಣಿದ್ದವನು ಹಾಲೇಶ ಒಬ್ಬನೇ. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನು. ತಂದೆ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬಂದಿದ್ದ. ಬಂದು ಎರಡು ವರ್ಷವಾಗಿತ್ತು. ನೀರು ತರುತ್ತಿದ್ದ, ಸೌದೆ ಒಡೆಯುತ್ತಿದ್ದ, ಸಂಜೆ ತಾಯಿಯ ಎದುರು ಕೂತು ಅವರು ಹೇಳಿದ್ದನ್ನು ಕೇಳುತ್ತಿದ್ದ. ದೀಕ್ಷೆ ಕೊಡಿ ಎಂದು ಎರಡು ಸಲ ಕೇಳಿದ್ದ. ಎರಡು ಸಲವೂ ತಾಯಿ, "ಇವತ್ತು ನೀರು ತುಂಬಿಸಿದೆಯಾ?" ಎಂದಷ್ಟೇ ಕೇಳಿದ್ದರು.

ಆಶ್ರಮದ ಓದುವ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಹದಿನಾಲ್ಕು ವರ್ಷದ ಹಿಂದೆ ಯಾರೋ ಕೊಟ್ಟದ್ದು. ಅದು ಮಾತಾಡುತ್ತಿತ್ತು. ಗುಂಡಿ ಒತ್ತಿದರೆ ಯಾವ ಅಕ್ಷರ ಎಂದು ಹೇಳುತ್ತಿತ್ತು. ಪುಸ್ತಕ ತೆರೆದರೆ ಸಾಲು ಸಾಲಾಗಿ ಓದುತ್ತಿತ್ತು. ಅಲ್ಲಿಯವರು ಅದನ್ನು ಓದೋ ಪೆಟ್ಟಿಗೆ ಎನ್ನುತ್ತಿದ್ದರು.

ಆ ಪೆಟ್ಟಿಗೆಯನ್ನು ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದವಳು ಕೊಟ್ರಮ್ಮ. ಮೂವತ್ತೊಂದು ವರ್ಷದ ಹೆಂಗಸು, ಹುಟ್ಟುಗುರುಡಿ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿದ್ದಾಗ ಇಂಟರ್ನೆಟ್ಟಿನಲ್ಲಿ ಹೊಸ ಪಾಠಗಳು ಬಂದವು. ಪೆಟ್ಟಿಗೆ ಅವನ್ನು ತೆರೆಯಲಿಲ್ಲ.

ಹಾಲೇಶ ನೋಡಿದ. "ಇದರ ಆಪರೇಟಿಂಗ್ ಸಿಸ್ಟಮ್ ಹಳೇದಾಗಿದೆ. ಈಗಿನ ಫೈಲುಗಳು ಇದಕ್ಕೆ ಗೊತ್ತಾಗಲ್ಲ. ಹೊಸದು ಹಾಕಿದರೆ ಸರಿಹೋಗುತ್ತೆ. ಎರಡು ದಿನದ ಕೆಲಸ."

ಬಹಳ ದಿನಗಳ ಮೇಲೆ ತನಗೆ ಗೊತ್ತಿದ್ದ ಕೆಲಸ ಸಿಕ್ಕಿತ್ತು. ಅವನ ದನಿ ಸ್ವಲ್ಪ ಏರಿತ್ತು. ಅದು ತಾಯಿಗೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವನು ಪೇಟೆಯಿಂದ ಹೊಸ ಸಿಸ್ಟಮ್ಮಿನ ಸಿ.ಡಿ. ತಂದು ಪೆಟ್ಟಿಗೆಗೆ ಹಾಕಿದ. ಅರ್ಧ ಗಂಟೆ ಕಳೆಯಿತು. ಆಮೇಲೆ ತಾಯಿ ಕೂತಿದ್ದ ಜಗಲಿಗೆ ಬಂದು ನಿಂತ.

"ತಾಯಿ, ಅದು ಒಳಗೆ ಬಿಟ್ಟುಕೊಳ್ತಿಲ್ಲ."

"ಏನನ್ನುತ್ತೆ?"

"ಈ ಕಂಪ್ಯೂಟರಿಗೆ ಅರ್ಹತೆ ಇಲ್ಲ ಅನ್ನುತ್ತೆ."

"ಪೆಟ್ಟಿಗೆಯೇ ತನಗೆ ಅರ್ಹತೆ ಇಲ್ಲ ಅಂತಿದೆಯೋ, ಬೇರೆ ಯಾರೋ ಅದರ ಬಾಯಲ್ಲಿ ಅನ್ನಿಸ್ತಿದ್ದಾರೋ?"

ಹಾಲೇಶ ಯೋಚಿಸಿದ. "ಸಿಸ್ಟಮ್ ಮಾಡಿದವರು ಒಂದು ಪಟ್ಟಿ ಮಾಡಿರ್ತಾರೆ ತಾಯಿ. ಇಂಥಿಂಥ ಯಂತ್ರಗಳಿಗೆ ಮಾತ್ರ ಇದು ನಡೆಯುತ್ತೆ ಅಂತ. ಇದು ಆ ಪಟ್ಟಿಯಲ್ಲಿಲ್ಲ."

"ಅವರು ಇದನ್ನ ನೋಡಿದ್ದಾರಾ?"

"ಇಲ್ಲ. ಹಳೇದಾಯ್ತು ಅಂತ ಬಿಟ್ಟಿದ್ದಾರೆ."

"ಅವರ ತಪ್ಪಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ." ತಾಯಿ ಅವನ ಕಡೆ ತಿರುಗಿದರು. "ನೀನು ನೋಡಿದ್ದೀಯಾ?"

"ನಾನು ದಿನಾ ನೋಡ್ತೀನಿ."

"ಹಾಗಾದರೆ ನಿನಗೆ ಏನನ್ನಿಸುತ್ತೆ?"

"ನಡೆಯುತ್ತೆ ಅನ್ನಿಸುತ್ತೆ. ಆ ತಪಾಸಣೆಯನ್ನ ದಾಟಿಸೋಕೆ ದಾರಿ ಇದೆ. ಒಂದು ಸಾಲು ಬರೆದರೆ ಸಾಕು, ಅದು ಪಟ್ಟಿ ನೋಡದೆ ಒಳಗೆ ಬಿಡುತ್ತೆ."

"ಬಾಗಿಲು ದಾಟಿಸೋದು ಸುಲಭ ಹಾಲೇಶ. ಆಮೇಲೆ ಒಳಗೆ ಬಂದದ್ದನ್ನ ಸಾಕಬೇಕಾಗುತ್ತೆ."

ಹಾಲೇಶನಿಗೆ ಇದು ಒಪ್ಪಿಗೆಯ ಹಾಗೆ ಕೇಳಿಸಿತು. ನಮಸ್ಕಾರ ಮಾಡಿ ಹೋದ.

ಅವತ್ತು ಪೆಟ್ಟಿಗೆಯ ಹೊದಿಕೆ ಬಿಚ್ಚಿದ. ಒಳಗೆ ಬೆರಳು ದಪ್ಪದ ಧೂಳಿತ್ತು. ಹಲ್ಲಿಮೊಟ್ಟೆಯ ಸಿಪ್ಪೆಗಳಿದ್ದವು. ಪಕ್ಕದ ಕಿಂಡಿಗಳು ತುಕ್ಕು ಹಿಡಿದು ಸತ್ತಿದ್ದವು. ಅವುಗಳಲ್ಲಿ ಕೀಬೋರ್ಡ್ ಸಿಕ್ಕಿಸುವ ಒಂದು ಕಿಂಡಿ ಮಾತ್ರ ಕೆಲಸ ಮಾಡುತ್ತಿತ್ತು. ಹಳೆಯ ಕುಂಚದಿಂದ ಒಂದೊಂದೇ ಮೂಲೆಯ ಧೂಳು ತೆಗೆದ. ಫ್ಯಾನಿಗೆ ಒಂದು ಹನಿ ಎಣ್ಣೆ ಬಿಟ್ಟ.

ಕೊಟ್ರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅಣ್ಣ, ಹೊಸದು ಹಾಕುವಾಗ ಹಳೇದು ಇರುತ್ತಾ?"

"ಇರಲ್ಲ. ಎರಡಕ್ಕೂ ಜಾಗ ಇಲ್ಲ. ಹಳೇದನ್ನ ಅಳಿಸಲೇಬೇಕು."

"ಅಳಿಸಿದ ಮೇಲೆ ಹೊಸದು ಕೂರದಿದ್ದರೆ?"

"ಕೂರುತ್ತೆ. ಇಂಥವು ನೂರು ಮಾಡಿದ್ದೀನಿ."

ಅವಳು ಗೋಡೆ ಹಿಡಿದುಕೊಂಡು ನಿಧಾನವಾಗಿ ಹೋದಳು. ಹಾಲೇಶ ಹಳೆಯದನ್ನು ಅಳಿಸಿದ.

ಹೊಸದು ಸುಲಭಕ್ಕೆ ಕೂರಲಿಲ್ಲ. ಮೊದಲ ದಿನ ಅರ್ಧಕ್ಕೆ ನಿಂತಿತು. ಎರಡನೆಯ ದಿನ ಎರಡು ಸಲ ನಿಂತಿತು. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಅಷ್ಟೂ ದಿನ ಓದುವ ಕೋಣೆ ಮೌನವಾಗಿತ್ತು. ಕೊಟ್ರಮ್ಮ ಕಳೆದ ವರ್ಷ ಕೇಳಿದ್ದ ಪಾಠಗಳನ್ನು ನೆನಪಿನಿಂದಲೇ ಒಪ್ಪಿಸಿಕೊಳ್ಳುತ್ತಾ ಹೊಳೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಚಿತ್ರ ಮೂಡಿತು. ನೀಲಿ ಕೆರೆ, ಅದರ ಆಚೆ ಬೆಟ್ಟ. ಕೊಟ್ರಮ್ಮನ ಹೊಸ ಪಾಠಗಳು ಒಂದೇ ಏಟಿಗೆ ತೆರೆದುಕೊಂಡವು. ಯಂತ್ರ ಆನ್ ಆದ ಕೂಡಲೇ ಓದುವ ಪ್ರೋಗ್ರಾಮು ತಾನಾಗಿ ಶುರುವಾಗುವ ಹಾಗೆ ಅವನು ಮಾಡಿಟ್ಟಿದ್ದ. ಅದೂ ಶುರುವಾಗಿತ್ತು.

ಹಾಲೇಶ ಓಡಿಹೋಗಿ ತಾಯಿಯನ್ನು ಕೈಹಿಡಿದು ಕರೆತಂದ. ಕೊಟ್ರಮ್ಮ ಬಂದಳು. ಉಳಿದವರೂ ಬಂದು ಗೋಡೆಗೆ ಒರಗಿ ನಿಂತರು.

"ಆಯ್ತು ತಾಯಿ. ಕೂತಿದೆ. ಪಟ್ಟಿಯಲ್ಲಿ ಇಲ್ಲದ ಯಂತ್ರದ ಮೇಲೆ ಕೂತಿದೆ. ಹೊಸ ಯಂತ್ರದ ಹಾಗೇ ಕಾಣ್ತಿದೆ."

ತಾಯಿ ಕುರ್ಚಿಯಲ್ಲಿ ಕೂತರು. ಗುಂಡಿಗಳ ಮೇಲೆ ಬೆರಳಿಟ್ಟರು. ಒಂದನ್ನು ಒತ್ತಿದರು. ಇನ್ನೊಂದನ್ನು ಒತ್ತಿದರು.

ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ.

"ಮಾತಾಡ್ತಿಲ್ಲವಲ್ಲ," ಎಂದರು ತಾಯಿ.

"ಅದೊಂದು ಉಳಿದಿದೆ ತಾಯಿ. ಧ್ವನಿ ಒಂದು ಬರ್ತಿಲ್ಲ. ಉಳಿದದ್ದೆಲ್ಲ ಸರಿಯಾಗಿದೆ."

ಹೇಳಿದ ಮೇಲೆ ಹಾಲೇಶನಿಗೇ ತನ್ನ ಮಾತು ಕೇಳಿಸಿತು. ಗೋಡೆಗೆ ಒರಗಿದ್ದವರ ಮುಖಗಳನ್ನು ನೋಡಿದ. ಯಾರೂ ಅವನ ಕಡೆ ತಿರುಗಿರಲಿಲ್ಲ. ಪೆಟ್ಟಿಗೆಯ ಕಡೆಗೆ ಕಿವಿಯಿಟ್ಟು ಇನ್ನೂ ಕಾಯುತ್ತಿದ್ದರು.

ತಾಯಿ ಎದ್ದರು. ಸಿಟ್ಟಿರಲಿಲ್ಲ. ಕೈಯಿಂದ ತಡವಿ ಪರದೆಯನ್ನು ಹುಡುಕಿ, ಅದರ ಮೇಲೆ ಅಂಗೈ ಇಟ್ಟರು.

"ಇದನ್ನ ಬಿಚ್ಚಿ ಉಗ್ರಾಣದಲ್ಲಿಡು."

"ಪರದೆನಾ ತಾಯಿ?"

"ಹ್ಞೂಂ."

"ಪರದೆ ಇಲ್ಲದೆ ನಾನು ಕೆಲಸ ಹೇಗೆ ಮಾಡಲಿ?"

"ಇಲ್ಲಿ ಹದಿನಾಲ್ಕು ವರ್ಷದಿಂದ ಅದಿಲ್ಲದೇ ಮಾಡ್ತಿದ್ದಾರೆ. ಕೇಳಿ ತಿಳ್ಕೋ."

ಹಾಲೇಶ ಪರದೆಯನ್ನು ಬಿಚ್ಚಿದ. ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಗೋಣಿಚೀಲ ಹೊದಿಸಿದ.

ಮುಂದಿನ ಮೂರು ದಿನ ಅವನು ಪೆಟ್ಟಿಗೆಯ ಎದುರು ಕೂತ. ಯಾವ ಗುಂಡಿಯ ನಂತರ ಯಾವುದನ್ನು ಒತ್ತಬೇಕೆಂದು ನೆನಪಿನಿಂದ ಲೆಕ್ಕಹಾಕಿ ಒತ್ತಿದ. ಎಲ್ಲಿ ತಪ್ಪಿತು, ಎಲ್ಲಿ ಸರಿಯಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಸ್ಪೀಕರನ್ನು ಬಿಚ್ಚಿ ಅಡುಗೆಮನೆಯ ರೇಡಿಯೋಗೆ ಸಿಕ್ಕಿಸಿ ನೋಡಿದ. ಕೃಷಿ ವಾರ್ತೆ ಸ್ಪಷ್ಟವಾಗಿ ಕೇಳಿಸಿತು. ತಂದು ಪೆಟ್ಟಿಗೆಗೆ ಸಿಕ್ಕಿಸಿದ. ಏನೂ ಇಲ್ಲ.

ಮೂರನೆಯ ದಿನ ಸಂಜೆ ತಾಯಿಯ ಬಳಿ ಬಂದು ಕೂತ.

"ತಾಯಿ, ಒಳಗಿನ ಧ್ವನಿಯ ಭಾಗವೇ ಸತ್ತಿದೆ. ಬೇರೆ ಪೆಟ್ಟಿಗೆ ಬೇಕು. ದಾನಿಗಳಿಗೆ ಕಾಗದ ಬರೆದರೆ ಎರಡು ತಿಂಗಳಲ್ಲಿ ಬರಬಹುದು."

"ಕೊಟ್ರಮ್ಮನ ಪರೀಕ್ಷೆ?"

ಹಾಲೇಶ ತಲೆ ತಗ್ಗಿಸಿದ.

"ಪರದೆ ಇದ್ದಾಗ ಅದು ಏನು ತೋರಿಸ್ತಿತ್ತು?"

"ಧ್ವನಿ ಸರಿಯಾಗಿದೆ ಅಂತಲೇ ತೋರಿಸ್ತಿತ್ತು ತಾಯಿ. ಓದುವಾಗ ಒಂದು ಹಸಿರು ಪಟ್ಟಿ ಮೇಲೆ ಕೆಳಗೆ ಆಡ್ತಿತ್ತು."

"ನಿನ್ನ ಕಿವಿ ಏನು ಹೇಳ್ತಿತ್ತು?"

"ಏನೂ ಬರ್ತಿಲ್ಲ ಅಂತ."

"ಇಬ್ಬರಲ್ಲಿ ಒಬ್ಬರು ಸುಳ್ಳು ಅಂತಾಯ್ತು. ಯಾರು?"

"ಪರದೆ ಸುಳ್ಳು ತಾಯಿ. ಭಾಗ ಸತ್ತಿದೆ."

"ಸತ್ತಿದೆ ಅಂತ ಹೇಗೆ ಗೊತ್ತಾಯ್ತು?"

"ಮಾತಾಡ್ತಿಲ್ಲ."

"ಅಷ್ಟೇನಾ?"

ಆ ಮಾತು ಅವನಿಗೆ ಎಲ್ಲೋ ಒಳಗೆ ಚುಚ್ಚಿತು. ಯಾಕೆಂದು ಆಗ ತಿಳಿಯಲಿಲ್ಲ. ಎದ್ದು ಹೋಗಿ ಸೌದೆ ಒಡೆದ, ಬೇಕಾದ್ದಕ್ಕಿಂತ ಹೆಚ್ಚು ಒಡೆದ.

ಮರುದಿನ ಬೆಳಿಗ್ಗೆ ಓದುವ ಕೋಣೆಗೆ ಹೋದಾಗ ಕೊಟ್ರಮ್ಮ ಆಗಲೇ ಅಲ್ಲಿದ್ದಳು. ಪೆಟ್ಟಿಗೆ ಆನ್ ಆಗಿತ್ತು. ಅವಳು ಗುಂಡಿ ಒತ್ತುತ್ತಿದ್ದಳು, ತಲೆ ವಾಲಿಸಿ ಕೇಳುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು.

"ಪ್ರಯೋಜನ ಇಲ್ಲ ಕೊಟ್ರಮ್ಮ. ಅದು ಸತ್ತಿದೆ. ತಪ್ಪು ನಂದು. ನೀನು ಕೇಳಿದಾಗಲೇ ನಾನು ನಿಲ್ಲಿಸಬೇಕಿತ್ತು."

"ಸತ್ತಿಲ್ಲ ಅಣ್ಣ. ಓದ್ತಿದೆ."

"ಏನು?"

"ಇದು ಓದ್ತಿದೆ. ನಮಗೆ ಕೇಳಿಸ್ತಿಲ್ಲ, ಅಷ್ಟೇ."

ಹಾಲೇಶ ಅವಳ ಮುಖ ನೋಡಿದ. ಅವಳು ಸಮಾಧಾನಕ್ಕೆ ಹೇಳಿದ ಹಾಗೆ ಕಾಣಲಿಲ್ಲ.

"ನಿನಗೆ ಹೇಗೆ ಗೊತ್ತು?"

"ಆರು ವರ್ಷ ಇದರ ಪಕ್ಕ ಕೂತಿದ್ದೀನಿ. ಓದುವಾಗ ಒಳಗಿನ ಫ್ಯಾನಿನ ಸದ್ದು ಒಂದು ಎಳೆ ಏರುತ್ತೆ. ಪಾಪ, ಹಳೇ ಪೆಟ್ಟಿಗೆ, ಕಷ್ಟಪಟ್ಟು ಓದುತ್ತೆ. ಓದಿ ಮುಗಿದ ಮೇಲೆ ಇಳಿಯುತ್ತೆ. ಈಗಲೂ ಏರ್ತಿದೆ. ನಾನು ಪಾಠ ತೆರೆದೆ, ಏರ್ತು. ನಿಲ್ಲಿಸಿದೆ, ಇಳೀತು. ನೀವೇ ಕೇಳಿ."

ಹಾಲೇಶ ಕೇಳಿದ. ಅವನಿಗೆ ಫ್ಯಾನಿನ ಸದ್ದು ಫ್ಯಾನಿನ ಸದ್ದಿನ ಹಾಗೇ ಕೇಳಿಸಿತು.

"ಕಣ್ಣು ಮುಚ್ಚಿ ಕೇಳಿ," ಎಂದಳು ಕೊಟ್ರಮ್ಮ.

ಕಣ್ಣು ಮುಚ್ಚಿದ. ಅವಳು ಪಾಠ ತೆರೆದಳು. ನಿಲ್ಲಿಸಿದಳು. ಮತ್ತೆ ತೆರೆದಳು. ಏಳನೆಯ ಸಲವೋ ಎಂಟನೆಯ ಸಲವೋ ಅವನಿಗೆ ಕೇಳಿಸಿತು. ಗಾಳಿಯ ಒಂದು ಎಳೆ, ತೀರಾ ಸಣ್ಣದು, ಏರಿ ಇಳಿಯಿತು.

ಅವನು ಕುರ್ಚಿ ಎಳೆದುಕೊಂಡು ಕೂತ.

"ಹಾಗಾದರೆ ಓದಿದ್ದು ಎಲ್ಲಿ ಹೋಗ್ತಿದೆ?"

"ಸ್ಪೀಕರಿನ ವೈರು ಎಲ್ಲಿ ಸಿಕ್ಕಿಸಿದ್ದೀರಿ?"

ಹಾಲೇಶ ಅವಳ ಕೈ ಹಿಡಿದು ಪೆಟ್ಟಿಗೆಯ ಹಿಂಬದಿಗೆ ತಂದ. ಅವಳು ಬೆರಳಾಡಿಸಿದಳು.

"ಇಲ್ಲಿ ಸಾಲಾಗಿ ಮೂರು ಕಿಂಡಿ ಇವೆ."

"ನಡುವಿನದೇ ಸ್ಪೀಕರಿಂದು. ಅದು ಸರಿಯಾಗೇ ಇದೆ."

"ಬೇರೆ ಎರಡರಲ್ಲಿ ಹಾಕಿ ನೋಡಿದಿರಾ?"

"ಅವು ಬೇರೆ ಕೆಲಸಕ್ಕೆ."

ಅವಳು ವೈರು ಕಿತ್ತು ಎಡಗಡೆಯ ಕಿಂಡಿಗೆ ತಾನೇ ಸಿಕ್ಕಿಸಿದಳು. ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಕಿತ್ತು ಮೂರನೆಯದರ ಕಡೆ ಬೆರಳು ಚಾಚಿದಳು.

"ಅದು ಬೇಡ ಕೊಟ್ರಮ್ಮ. ಅದು ಮೈಕಿಂದು. ಅದರಲ್ಲಿ ಮಾತು ಒಳಗೆ ಹೋಗುತ್ತೆ. ಹೊರಗೆ ಬರಲ್ಲ."

"ಅದು ಮೈಕಿಂದು ಅಂತ ಹೇಗೆ ಗೊತ್ತು?"

"ಬಣ್ಣ ನೋಡಿದರೆ ಗೊತ್ತಾಗುತ್ತೆ. ಸ್ಪೀಕರಿಂದು ಹಸಿರು, ಅದು ಗುಲಾಬಿ. ಎಲ್ಲ ಯಂತ್ರದಲ್ಲೂ ಹಾಗೇ."

"ನನ್ನ ಬೆರಳಿಗೆ ಮೂರೂ ಒಂದೇ ಥರ ಇವೆ ಅಣ್ಣ," ಎಂದು ಅವಳು ವೈರನ್ನು ಮೂರನೆಯ ಕಿಂಡಿಗೆ ಸಿಕ್ಕಿಸಿದಳು.

ಆಮೇಲೆ ಮುಂದಕ್ಕೆ ಬಂದು ಒಂದು ಗುಂಡಿ ಒತ್ತಿದಳು.

"ಕ," ಎಂದಿತು ಪೆಟ್ಟಿಗೆ.

ಕೊಟ್ರಮ್ಮನ ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ನಂಬಿಕೆ ಬಾರದವಳ ಹಾಗೆ, ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.

"ಕ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಸ ಪಾಠ ತೆರೆದಳು, ಕೇಳುತ್ತಾ ಕೂತಳು. ಪೆಟ್ಟಿಗೆ ಓದತೊಡಗಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವುದನ್ನು ನಿಲ್ಲಿಸಿದರು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ಎಲ್ಲರೂ ಓದುವ ಕೋಣೆಗೆ ಬಂದರು. ಹಾಲೇಶ ಮಾತ್ರ ಎದ್ದು ಹೊರಗೆ ಹೋದ. ಹೊಳೆಯ ಮೆಟ್ಟಿಲಿಳಿದು ಕೊನೆಯ ಮೆಟ್ಟಿಲ ಮೇಲೆ ಕೂತ. ನೀರು ಅವನ ಹೆಬ್ಬೆರಳನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು.

ಹಿಂದೆ ಕೋಲಿನ ಸದ್ದಾಯಿತು. ತಾಯಿ ಮೆಟ್ಟಿಲುಗಳನ್ನು ಎಣಿಸಿಕೊಂಡು ಇಳಿದು ಬಂದು ಅವನ ಪಕ್ಕ ಕೂತರು.

"ಪೆಟ್ಟಿಗೆ ಮಾತಾಡ್ತು. ನೀನು ಯಾಕೆ ಎದ್ದು ಬಂದೆ?"

ಹಾಲೇಶ ಕಾಲನ್ನು ನೀರಿನಿಂದ ಮೇಲಕ್ಕೆ ಎಳೆದುಕೊಂಡ.

"ನಮ್ಮಪ್ಪನಿಗೆ ಲಕ್ವ ಹೊಡೆದಿತ್ತು ತಾಯಿ. ಬಲಗೈ ಹೋಯ್ತು, ಮಾತು ಹೋಯ್ತು. ಹನ್ನೊಂದು ತಿಂಗಳು ಮಂಚದ ಮೇಲಿದ್ದ. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅವನು ಒಳಗೆ, ನಾನು ಹೊರಗೆ."

"ಹ್ಞೂಂ."

"ಎಡಗೈಯಲ್ಲಿ ಬೆಳ್ಳಿ ಉಂಗುರ ಇತ್ತು. ಅದರಿಂದ ಮಂಚದ ಕಬ್ಬಿಣಕ್ಕೆ ಬಡಿಯೋನು. ದಿನವಿಡೀ. ಮೊದಮೊದಲು ಹೋಗಿ ನೋಡ್ತಿದ್ದೆ. ನೀರು ಬೇಕಾ ಅಂದರೆ ಬೇಡ, ಹೊರಳಿಸಬೇಕಾ ಅಂದರೆ ಬೇಡ. ನಾನು ಎದ್ದು ಬಂದ ಕೂಡಲೇ ಮತ್ತೆ ಬಡಿಯೋನು. ಡಾಕ್ಟರನ್ನ ಕೇಳಿದೆ. ಮಿದುಳಿಗೆ ಪೆಟ್ಟಾದವರು ಹೀಗೆ ಮಾಡ್ತಾರೆ ಅಂದರು. ನಾನೂ ಹಾಗೇ ಅಂದ್ಕೊಂಡೆ. ಅಪ್ಪ ಹೋಗಿಬಿಟ್ಟಿದ್ದಾನೆ, ಇದು ಬರೀ ದೇಹ ಅಂದ್ಕೊಂಡೆ."

"ಆಮೇಲೆ?"

"ಗಿರಾಕಿಗಳಿಗೆ ತೊಂದರೆ ಆಗ್ತಿತ್ತು. ಒಂದು ದಿನ ಉಂಗುರ ತೆಗೆದಿಟ್ಟೆ."

ತಾಯಿ ಕೋಲನ್ನು ಮೆಟ್ಟಿಲ ಮೇಲೆ ಮಲಗಿಸಿದರು.

"ಆಮೇಲೂ ಬೆರಳಿಂದ ಬಡೀತಿದ್ದ ತಾಯಿ. ಸದ್ದು ಬರ್ತಿರಲಿಲ್ಲ ಅಷ್ಟೇ. ನೋಡಿದವನು ನಾನೇ. ಇಪ್ಪತ್ತು ದಿನಕ್ಕೆ ತೀರಿಕೊಂಡ."

ಆಚೆ ದಡದಲ್ಲಿ ಯಾರೋ ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ತಾಯಿ ಕೆಳಗೆ ಬಾಗಿ, ನೀರಿನಲ್ಲಿ ಕೈಯಾಡಿಸಿ, ಒಂದು ಬೆಣಚುಕಲ್ಲು ತೆಗೆದು ಅವನ ಕೈಗಿಟ್ಟರು.

"ಹೇಗೆ ಬಡೀತಿದ್ದರು? ಬಡಿ."

"ನೆನಪಿಲ್ಲ ತಾಯಿ."

"ಹನ್ನೊಂದು ತಿಂಗಳು ಕೇಳಿದ್ದೀಯ."

ಹಾಲೇಶ ಕಲ್ಲು ಹಿಡಿದು ಮೆಟ್ಟಿಲಿಗೆ ಬಡಿದ. ಎರಡು ಸಲ. ನಿಂತ. ಒಂದು ಸಲ. ಮತ್ತೆ ನಿಂತ. ಆಮೇಲೆ ಬೇಗ ಬೇಗ ಮೂರು ಸಲ.

"ಇನ್ನೊಂದು ಸಲ," ಎಂದರು ತಾಯಿ.

ಬಡಿದ. ಈ ಸಲ ಅವನ ಕೈಗೆ ತಾನಾಗಿ ನೆನಪು ಬಂದಿತ್ತು. ಕೊನೆಯ ಮೂರು ಬಡಿತಗಳಲ್ಲಿ ಕಡೆಯದು ಮೆಲ್ಲಗಿರುತ್ತಿತ್ತು. ಅದೂ ನೆನಪಾಯಿತು.

"ಇನ್ನೊಂದು ಸಲ."

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಬಡಿದ. ತಾಯಿ ತಲೆ ವಾಲಿಸಿ, ಉಸಿರು ಹಿಡಿದು, ಪೆಟ್ಟಿಗೆಯ ಎದುರು ಕೊಟ್ರಮ್ಮ ಕೂತಿದ್ದ ಹಾಗೇ ಕೂತು ಕೇಳಿದರು.

"ಅದರ ಅರ್ಥ ಏನು ತಾಯಿ?"

"ನನಗೂ ತಿಳೀಲಿಲ್ಲ," ಎಂದರು ತಾಯಿ. "ಪೂರ್ತಿ ಕೇಳಿದೆವು."

ಕೋಲು ಊರಿ ಎದ್ದು, ಮೆಟ್ಟಿಲುಗಳನ್ನು ಎಣಿಸಿಕೊಂಡು ಹತ್ತಿ ಹೋದರು.

ಹನ್ನೆರಡು ದಿನ ಪೆಟ್ಟಿಗೆ ಓದಿತು. ಕೊಟ್ರಮ್ಮ ಕೇಳಿದಳು. ಪರದೆಯನ್ನು ವಾಪಸ್ ತಾ ಎಂದು ಯಾರೂ ಹೇಳಲಿಲ್ಲ, ಹಾಲೇಶನೂ ತರಲಿಲ್ಲ. ಅವನು ಗುಂಡಿಗಳನ್ನು ಕಿವಿಯಿಂದ ಕಲಿತ. ಪೆಟ್ಟಿಗೆ ಬಿಸಿಯಾಗಿ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ಫ್ಯಾನಿನ ಸದ್ದು ಏರಿದ್ದು ಹೆಚ್ಚಾಯಿತು ಎನ್ನಿಸಿದಾಗ ಅವನೇ ಎದ್ದುಹೋಗಿ ಹೊದಿಕೆ ತೆಗೆದು, ಒದ್ದೆ ಬಟ್ಟೆ ಹಾಸಿದ ಹಲಗೆಯನ್ನು ಪಕ್ಕಕ್ಕಿಟ್ಟು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ಕೊಟ್ರಮ್ಮ ಪಾಠ ನಿಲ್ಲಿಸಬೇಕಾಗಿ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ, ಮುಗಿದ ಮೇಲೆ ಕರೆದುಕೊಂಡು ಬಂದ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಕೊಟ್ರಮ್ಮನಿಗೆ ಎರಡು ಅಂಕ ಕಡಿಮೆಯಾಗಿತ್ತು.

ಹಾಲೇಶ ತಾಯಿಯ ಬಳಿ ಬಂದ. ಅವನ ದನಿ ಕುಗ್ಗಿತ್ತು.

"ನಾನು ಕಳೆದ ದಿನಗಳು ತಾಯಿ ಅವು. ಮೊದಲೇ ಕೇಳಿ ಮಾಡಿದ್ದರೆ, ಎಂಟು ದಿನ ಉಳೀತಿತ್ತು. ಎರಡು ಅಂಕ ದೊಡ್ಡದಾಗ್ತಿರಲಿಲ್ಲ."

"ಹೌದು," ಎಂದರು ತಾಯಿ.

ಅಲ್ಲ ಎನ್ನುತ್ತಾರೆಂದು ಅವನು ಕಾದಿದ್ದ. ಅವರು ಅಲ್ಲ ಎನ್ನಲಿಲ್ಲ.

"ಅವಳಿಗೆ ಹೇಳಿದೆಯಾ ಇದನ್ನ?"

"ಹೇಳಿದೆ."

"ಏನಂದಳು?"

"ಮುಂದಿನ ವರ್ಷ ಮತ್ತೆ ಬರೀತೀನಿ ಅಂದಳು. ಪಾಠದ ಮಧ್ಯೆ ಮಾತಾಡಿಸಬೇಡಿ ಅಣ್ಣ ಅಂದಳು."

ಓದುವ ಕೋಣೆಯಿಂದ ಪೆಟ್ಟಿಗೆಯ ದನಿ ಬರುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಕೇಳಿದರು.

"ಹಾಲೇಶ, ಇಂಥ ಪೆಟ್ಟಿಗೆ ಬೇರೆ ಯಾರ ಹತ್ತಿರವಾದರೂ ಇರಬಹುದಾ?"

"ಸಾವಿರಾರು ಇರಬಹುದು ತಾಯಿ. ಒಂದು ಕಾಲಕ್ಕೆ ಎಲ್ಲ ಕಡೆ ಇದೇ ಇತ್ತು."

"ಅವರಿಗೆ ಯಾರು ಹೇಳ್ತಾರೆ?"

ಹಳೆಯ ಯಂತ್ರಗಳನ್ನು ಇಟ್ಟುಕೊಂಡವರು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳುವ ಒಂದು ತಾಣ ಇಂಟರ್ನೆಟ್ಟಿನಲ್ಲಿತ್ತು. ಹಾಲೇಶ ಪೆಟ್ಟಿಗೆಯಿಂದಲೇ, ಕೇಳಿಸಿಕೊಳ್ಳುತ್ತಾ, ಅಲ್ಲಿ ಹುಡುಕಿದ. ಅದೇ ಯಂತ್ರ, ಅದೇ ತೊಂದರೆ. ಮೂರು ಮಂದಿ ಕೇಳಿದ್ದರು. ಒಬ್ಬರು ಆರು ವರ್ಷದ ಹಿಂದೆ ಕೇಳಿದ್ದರು. ಕೆಳಗೆ ಯಾರೂ ಉತ್ತರ ಬರೆದಿರಲಿಲ್ಲ.

ಅವನು ಬರೆಯಲು ಕೂತ. ಇಡೀ ಬೆಳಿಗ್ಗೆ ಬರೆದ. ತಾವು ಯಾರು, ಆಶ್ರಮ ಎಲ್ಲಿದೆ, ಯಂತ್ರ ಹೇಗೆ ಬಂತು, ಪಟ್ಟಿಯಲ್ಲಿಲ್ಲ ಎಂದು ಅದು ಹೇಗೆ ತಡೆಯಿತು, ತಾನು ಹೇಗೆ ದಾಟಿಸಿದೆ, ಎಷ್ಟು ದಿನ ಕಷ್ಟಪಟ್ಟೆವು ಎಂದೆಲ್ಲ ಬರೆದ. ಕೊನೆಗೆ, ಹೊಸ ಸಿಸ್ಟಮ್ ಕಿಂಡಿಗಳನ್ನು ಅದಲುಬದಲು ಮಾಡುತ್ತದೆ, ಸ್ಪೀಕರಿನ ವೈರನ್ನು ಗುಲಾಬಿ ಕಿಂಡಿಗೆ ಸಿಕ್ಕಿಸಿ ಎಂದು ಬರೆದ.

ಕೊಟ್ರಮ್ಮ ಪೆಟ್ಟಿಗೆ ಓದಿದ್ದನ್ನು ಕೇಳಿ, "ಗುಲಾಬಿ ಅಂದರೆ ಎಷ್ಟನೇದು ಅಣ್ಣ?" ಎಂದಳು.

ಅವನು ಅದನ್ನು ಅಳಿಸಿ, 'ಎಡದಿಂದ ಮೂರನೆಯ ಕಿಂಡಿ' ಎಂದು ಬರೆದ.

ಆಮೇಲೆ ತಾಯಿಯನ್ನು ಕರೆತಂದು ಕೂರಿಸಿ ಓದಿಸಿದ. ಪೆಟ್ಟಿಗೆ ತನ್ನ ಒಂದೇ ಸಮನಾದ ದನಿಯಲ್ಲಿ ಓದಿತು. ತಾಯಿ ಕೈ ಕಟ್ಟಿಕೊಂಡು ಕೇಳಿದರು. ಮುಗಿಯಲು ಬಹಳ ಹೊತ್ತಾಯಿತು.

"ಅವರಿಗೆ ಬೇಕಾದ್ದು ಎಷ್ಟನೇ ಸಾಲಿನಲ್ಲಿ ಬಂತು?"

ಹಾಲೇಶ ಎಣಿಸಿದ. "ಇಪ್ಪತ್ತಮೂರನೇ ಸಾಲು ತಾಯಿ."

ಹಾಲೇಶ ಮತ್ತೆ ಕೂತ. ಆಶ್ರಮದ ಕಥೆ ತೆಗೆದ. ಕಷ್ಟದ ಕಥೆ ತೆಗೆದ. ತಾನು ಬಾಗಿಲು ದಾಟಿಸಿದ್ದನ್ನು ಒಂದು ಸಾಲಿಗೆ ಇಳಿಸಿದ. ಆ ಸಾಲಿನ ಮೊದಲು, ಹಳೆಯದನ್ನು ಅಳಿಸುವ ಮುಂಚೆ ಪೆಟ್ಟಿಗೆಯನ್ನು ಬಳಸುವವರನ್ನು ಕೇಳಿ ಎಂದು ಸೇರಿಸಿದ. ಕಿಂಡಿಯ ಮಾತನ್ನು ಎಲ್ಲಕ್ಕಿಂತ ಮೇಲೆ ತಂದ. ಒಟ್ಟು ಮೂರು ಸಾಲು ಉಳಿಯಿತು.

ಪೆಟ್ಟಿಗೆ ಅದನ್ನು ಓದಿತು. ತಾಯಿ ತಲೆಯಾಡಿಸಿದರು.

"ಕೆಳಗೆ ಯಾರ ಹೆಸರು ಹಾಕಲಿ ತಾಯಿ? ನನ್ನದು ಬೇಡ. ಕೊಟ್ರಮ್ಮ ಅವಳದು ಬೇಡ ಅಂದಳು. ನಿಮ್ಮದು ಹಾಕಲೇ, ಆಶ್ರಮದ್ದು ಹಾಕಲೇ?"

ತಾಯಿ ಎದ್ದು ನಿಂತರು. ಬಾಗಿಲ ಕಡೆ ಕೋಲು ಊರುತ್ತಾ ಹೇಳಿದರು:

"ಹೆಸರು ಹಾಕಿದರೆ, ಕೇಳೋರು ಇನ್ನೊಂದು ಸಾಲು ಕಾಯಬೇಕಾಗುತ್ತೆ."